ಬಾಣದ ಗುರುತಿನ ಬೆನ್ನುಹತ್ತಿ

ಹುಬ್ಬಳ್ಳಿ ದಾಟಿ ಶಿಗ್ಗಾವಿಯ ದಾರಿ ಹಿಡಿದಾಗ ಮುಂದೆ ಸೇನೆಯ ಲಾರಿಗಳ ಸಾಲು ಸಿಕ್ಕಿತು. ಹಸಿರು ತಾಡಪಾಲು ಹೊದ್ದು, ಒಂದರ ಹಿಂದೊಂದು ಅಂತರ ಕಾಯ್ದುಕೊಂಡು, ಹೆದ್ದಾರಿಯ ಎಡಬದಿಯಲ್ಲೇ ಸಾವಕಾಶ ಹೋಗುತ್ತಿದ್ದವು. ನಮ್ಮ ಕಾರಿನ ಚಾಲಕ ಹಾವೇರಿ ಸೀಮೆಯ ಹುಡುಗ. ಎಂಥ ಗಾಡಿಯನ್ನೂ ಹಾರ್ನ್ ಹೊಡೆದು ಹಿಂದೆ ಹಾಕುವ ಆಸಾಮಿ. ಈ ಸಾಲಿನ ಬೆನ್ನಿಗೆ ಮಾತ್ರ ತೆಪ್ಪಗೆ ಉಳಿದ. ‘ಮಿಲ್ಟ್ರಿ ಗಾಡಿ ಅದಾವ್ರಿ ಸರ, ಹೋಗ್ಲಿ’ ಅಂದ. ಹಾಗಾಗಿ ಕೊನೆಯ ಲಾರಿಯ ನಂಬರ್ ಪ್ಲೇಟನ್ನು ಬಹಳ ಹೊತ್ತು ನೋಡುವ ಭಾಗ್ಯ ನನಗೆ ಬಂತು. ಅದರಲ್ಲಿ ಕೆಎ ಇರಲಿಲ್ಲ, ಜಿಲ್ಲೆಯ ಅಂಕಿ ಇರಲಿಲ್ಲ. ಎಲ್ಲಕ್ಕಿಂತ ಮೊದಲು ಆಕಾಶಕ್ಕೆ ಮುಖ ಮಾಡಿದ ಒಂದು ಬಾಣ.

ಸೇನೆಯ ವಾಹನ ಆರ್‌ಟಿಒ ಕಚೇರಿಯ ಬಾಗಿಲಿಗೆ ಹೋಗುವುದಿಲ್ಲ. ಅದರ ನೋಂದಣಿ ರಕ್ಷಣಾ ಸಚಿವಾಲಯದ್ದು. ಬಾಣದ ಮಗ್ಗುಲಿಗಿರುವ ಎರಡು ಅಂಕಿ ಆ ಗಾಡಿ ಸೇನೆಗೆ ಬಂದ ವರ್ಷ, ಆಮೇಲೆ ಒಂದು ಅಕ್ಷರ, ಕ್ರಮಸಂಖ್ಯೆ, ಕೊನೆಗೆ ಮತ್ತೊಂದು ಅಕ್ಷರ. ಬಾಣ ಹುಟ್ಟಾ ನಮ್ಮದಲ್ಲ. ಬ್ರಿಟಿಷ್ ದೊರೆಯ ಫಿರಂಗಿಗೆ, ಮದ್ದಿನ ಪೀಪಾಯಿಗೆ, ಹಡಗುಕಟ್ಟೆಯ ಮರಕ್ಕೆ ಶತಮಾನಗಳ ಕಾಲ ಒತ್ತುತ್ತಿದ್ದ ಮುದ್ರೆ ಅದು. ದೊರೆ ಹೋದ, ಬಾಣ ಉಳಿಯಿತು. ಈಗ ಅದು ಶಿಗ್ಗಾವಿಯ ಜೋಳದ ಹೊಲಗಳ ನಡುವೆ ನನ್ನ ಮುಂದೆ ಓಡುತ್ತಿತ್ತು.

ಆ ಲಾರಿಯೊಳಗೆ ಕುಳಿತ ಹುಡುಗ ಹದಿನೇಳೋ ಇಪ್ಪತ್ತೋ ವರ್ಷ ಕಳೆದು ಕೆಳಗಿಳಿದು ಊರಿಗೆ ಬರುತ್ತಾನೆ. ಒಂದು ಬೈಕು ಕೊಳ್ಳುತ್ತಾನೆ. ಅವನದು ಈ ಸೀಮೆಯಾದರೆ ಆ ಬೈಕಿನ ಮೇಲೆ ಕೆಎ 27 ಎಂದು ಬರುತ್ತದೆ. 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯ ಗುರುತು. ಊರ ಸಾಹುಕಾರನಿಗೂ ಅದೇ, ಸಿಯಾಚಿನ್ ಕಂಡು ಬಂದವನಿಗೂ ಅದೇ. ಅಮೆರಿಕದಲ್ಲಿರುವ ನಮ್ಮ ನಂಟರೊಬ್ಬರು ಹಿಂದೊಮ್ಮೆ ಅಂಗಡಿಯ ಮುಂದೆ ನಿಂತ ಕಾರೊಂದರ ಫೋಟೊ ಕಳಿಸಿದ್ದರು. ಅದರ ನಂಬರ್ ಪ್ಲೇಟಿನ ಮೇಲೆಯೇ, ಸರ್ಕಾರದ ಅಚ್ಚಿನಲ್ಲೇ, ಈ ಗಾಡಿಯ ಒಡೆಯ ಯುದ್ಧಕೈದಿಯಾಗಿದ್ದವನು ಎಂದು ಬರೆದಿತ್ತು. ಅಲ್ಲಿಯ ಎಷ್ಟೋ ರಾಜ್ಯಗಳು ಮಾಜಿ ಸೈನಿಕರಿಗೆ ಒಂದು ಬಗೆಯ ಫಲಕ, ಗಾಯಗೊಂಡು ಪರ್ಪಲ್ ಹಾರ್ಟ್ ಪದಕ ಪಡೆದವರಿಗೆ ಇನ್ನೊಂದು, ಶತ್ರುವಿನ ಸೆರೆಯಲ್ಲಿದ್ದು ಮರಳಿದವರಿಗೆ ಮತ್ತೊಂದು ಕೊಡುತ್ತವೆ. ಆಗ ಆ ಫೋಟೊ ನೋಡಿ ಸುಮ್ಮನಾಗಿದ್ದೆ. ಈಗ ಬಾಣದ ಹಿಂದೆ ಹೋಗುತ್ತಾ, ನಮ್ಮ ಕಡೆ ಬದುಕಿ ಬಂದವನಿಗೆ ಏನು ಗುರುತು ಎಂಬ ಪ್ರಶ್ನೆ ಏಳತೊಡಗಿತು. ದೇವಸ್ಥಾನ ನೋಡಲು ಹೊರಟಿದ್ದ ಪ್ರವಾಸ ಅಲ್ಲಿಗೆ ದಾರಿ ತಪ್ಪಿತು.

ಶಿಗ್ಗಾವಿಯ ಉತ್ತರಕ್ಕೆ, ಗಡಿ ದಾಟಿದರೆ ಕುಂದಗೋಳ ತಾಲೂಕು. ಅಲ್ಲಿಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿ 3ರಂದು ಸಿಯಾಚಿನ್ನಿನಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ, ಹಿಮದಡಿ ಹೂತುಹೋದರು. ಆರು ದಿನದ ಮೇಲೆ ಜೀವಂತ ಸಿಕ್ಕರು. ಆ ಸುದ್ದಿ ಬಂದ ಹೊತ್ತಿಗೆ ಈ ಸೀಮೆಯ ಗುಡಿ, ದರ್ಗಾ, ಶಾಲೆಗಳಲ್ಲೆಲ್ಲ ಪ್ರಾರ್ಥನೆ ನಡೆದದ್ದು ನಮ್ಮ ಚಾಲಕನಿಗೆ ನೆನಪಿತ್ತು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ‘ಬದುಕಿ ಬಂದಿದ್ರ ಊರಿಗೆ ಊರ ಎದ್ದ ಕುಣೀತಿತ್ರಿ’ ಅಂದ ಹುಡುಗ.

ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಬಾಡ. ಕನಕದಾಸರು ಹುಟ್ಟಿದ ಊರು. ಈಗ ಅಲ್ಲಿ ಅರಮನೆಯ ಮಾದರಿಯ ದೊಡ್ಡ ಸ್ಮಾರಕ ಕಟ್ಟಿದ್ದಾರೆ, ಶಾಲೆಯ ಮಕ್ಕಳ ಬಸ್ಸುಗಳು ಬಂದು ನಿಲ್ಲುತ್ತವೆ. ನಾವು ಕನಕನನ್ನು ತಂಬೂರಿಯ ಜೊತೆಗೆ, ಉಡುಪಿಯ ಕಿಂಡಿಯ ಜೊತೆಗೆ ನೆನೆಯುತ್ತೇವೆ. ಈ ಸೀಮೆಯ ಜನ ಹೇಳುವ ಕಥೆಯಲ್ಲಿ ಆತ ಮೊದಲು ತಿಮ್ಮಪ್ಪ ನಾಯಕ, ಬಂಕಾಪುರ ಸೀಮೆಯ ದಂಡನಾಯಕ. ಯುದ್ಧದಲ್ಲಿ ಮೈತುಂಬ ಗಾಯವಾಗಿ, ಸತ್ತನೆಂದು ರಣರಂಗದಲ್ಲಿ ಬಿಟ್ಟುಹೋದ ಮೇಲೆ ಎದ್ದು ಬಂದವನು. ಆದಿಕೇಶವ ಕರೆದ, ಕತ್ತಿ ಕೆಳಗಿಟ್ಟ, ದಾಸನಾದ. ಅಂದರೆ ಶಿಗ್ಗಾವಿ ತಾಲೂಕಿನ ಅತ್ಯಂತ ಪ್ರಸಿದ್ಧ ಮಾಜಿ ಸೈನಿಕ ಕನಕದಾಸರೇ! ಹೀಗೆ ಹೇಳಿದರೆ ಯಾರಾದರೂ ಮುನಿಯಬಹುದು. ನನಗಂತೂ ಸ್ಮಾರಕದ ಅಂಗಳದಲ್ಲಿ ಈ ಯೋಚನೆ ಬಂದಾಗ ರೋಮಾಂಚನವಾಯಿತು.

ಅದಕ್ಕಿಂತ ದೊಡ್ಡ ಅಚ್ಚರಿ ಅವರ ‘ರಾಮಧಾನ್ಯಚರಿತೆ’ಯಲ್ಲಿದೆ. ಅಕ್ಕಿ ಮತ್ತು ರಾಗಿ ಯಾರು ಹೆಚ್ಚು ಎಂದು ಜಗಳಾಡುತ್ತವೆ. ರಾಮ ತೀರ್ಪು ಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರಗೆ ತಂದಾಗ ಅಕ್ಕಿ ಕಳೆಗುಂದಿದೆ, ರಾಗಿ ಗಟ್ಟಿಯಾಗಿದೆ. ರಾಘವ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಈ ಕಥೆಯನ್ನು ಮೇಲು ಕೀಳಿನ ವಾದವೆಂದು ಓದುವುದು ರೂಢಿ, ಅದು ಸರಿಯೂ ಹೌದು. ಆದರೆ ದಂಡಿನಲ್ಲಿದ್ದವನೊಬ್ಬ ಬರೆದದ್ದೆಂದುಕೊಂಡು ಓದಿ ನೋಡಿ. ಸೆರೆಯಲ್ಲಿ ಕೆಡದೆ ಉಳಿದದ್ದೇ ಒಂದು ಪರಾಕ್ರಮ, ಹೊರಬಂದವನಿಗೆ ರಾಜನ ಹೆಸರಿನ ಬಿರುದು! ಅಮೆರಿಕದ ಆ ಕಾರಿನ ಫಲಕ ಹೇಳಲು ಹೊರಟದ್ದನ್ನು ಬಾಡದ ಕವಿ ಕಾಳಿನ ಬಾಯಲ್ಲಿ ಶತಮಾನಗಳ ಹಿಂದೆಯೇ ಹೇಳಿಸಿದ್ದಾನೆ.

ಮತ್ತೆ ಹೆದ್ದಾರಿ. ಬಂಕಾಪುರದ ಟೋಲ್ ನಾಕಾದಲ್ಲಿ ಸಾಲು ಇತ್ತು. ಶುಲ್ಕ ಯಾರಿಗಿಲ್ಲ ಎಂಬ ಉದ್ದನೆಯ ಪಟ್ಟಿಯ ಫಲಕ ಎಲ್ಲ ನಾಕಾಗಳಲ್ಲಿ ಇರುತ್ತದಷ್ಟೆ. ರಾಷ್ಟ್ರಪತಿಯಿಂದ ಹಿಡಿದು ಆಂಬುಲೆನ್ಸ್‌ವರೆಗೆ. ಅದನ್ನು ಪೂರಾ ಓದುವವರು ಕಡಿಮೆ. ಪರಮವೀರ ಚಕ್ರ, ಅಶೋಕ ಚಕ್ರ, ಮಹಾವೀರ ಚಕ್ರ, ಕೀರ್ತಿ ಚಕ್ರ, ವೀರ ಚಕ್ರ, ಶೌರ್ಯ ಚಕ್ರ ಪಡೆದವರು ಗುರುತಿನ ಚೀಟಿ ತೋರಿಸಿದರೆ ಹಣ ಕೊಡಬೇಕಿಲ್ಲ. ಕರ್ತವ್ಯದ ಮೇಲಿರುವ ಸೈನಿಕರಿಗೂ ವಿನಾಯಿತಿ ಉಂಟು, 1901ರ ಕಾಯ್ದೆಯಷ್ಟು ಹಳೆಯದು. ನಿವೃತ್ತರು ಮಾತ್ರ ಎಲ್ಲರ ಹಾಗೆ ಫಾಸ್ಟ್ಯಾಗ್ ಕೊಟ್ಟು ಮುಂದೆ ಹೋಗಬೇಕು. ನಮ್ಮ ಪಕ್ಕದ ಸಾಲಿನಲ್ಲಿದ್ದ ಜೀಪಿನ ಗಾಜಿಗೆ ಕೆಂಪು ನೀಲಿ ಪಟ್ಟಿಯ ನಡುವೆ ‘ಮಾಜಿ ಸೈನಿಕ’ ಎಂಬ ಸ್ಟಿಕರ್ ಇತ್ತು. ಅದನ್ನು ಓಡಿಸುತ್ತಿದ್ದ ನರೆಗೂದಲಿನವರು ವಾದಕ್ಕೆ ಇಳಿಯಲಿಲ್ಲ. ಕಂಬಿ ಎದ್ದಿತು, ಹೋದರು.

ಟೋಲಿಗೆ ಹೆಸರು ಕೊಟ್ಟ ಊರಿನ ಹೆಸರೂ ಒಬ್ಬ ಸೈನಿಕನದೇ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೇಯ, ಅವನಿಂದ ಬಂಕಾಪುರ. ಅವನ ಮನೆತನಕ್ಕೆ ಚೆಲ್ಲಕೇತನ ಎಂಬ ಹೆಸರು ಬಂದದ್ದು ಅವರ ಬಾವುಟದಿಂದ. ಅವನ ಮಗ ಲೋಕಾದಿತ್ಯ ಇಲ್ಲಿಂದ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರರ ಉತ್ತರಪುರಾಣಕ್ಕೆ ಈ ಊರಿನಲ್ಲಿ ಪೂಜೆಯಾಯಿತು. ಕೋಟೆಯೊಳಗೆ ಈಗ ನವಿಲುಗಳದೇ ರಾಜ್ಯ, ನಗರೇಶ್ವರ ಗುಡಿಯ ಕಂಬಗಳ ಹಿಂದೆ ಮುಂದೆ ಅವುಗಳದೇ ಕೂಗು. ಹನ್ನೊಂದು ಶತಮಾನ ದಾಟಿದರೂ ಒಬ್ಬ ಸೇನಾಪತಿಯ ಹೆಸರು ಬಸ್ಸಿನ ಬೋರ್ಡಿನ ಮೇಲೆ ಓಡಾಡುತ್ತಿದೆ ಎಂದರೆ ಸಾಮಾನ್ಯವೇ? ಆದರೆ ಅವನು ಸೇನಾಪತಿ. ಅವನ ಹಿಂದೆ ನಡೆದ ಸಾವಿರಾರು ಕಾಲಾಳುಗಳಿಗೆ ಊರು ಸಿಗಲಿಲ್ಲ.

ಸವಣೂರಿನಲ್ಲಿ ಕಾಲ ಕಳೆದದ್ದು ನವಾಬರ ನೆನಪಿನಲ್ಲಲ್ಲ, ಒಂದು ರೇಡಿಯಂ ಅಂಗಡಿಯಲ್ಲಿ. ನವಾಬರ ಕಥೆ ಪುಸ್ತಕಗಳಲ್ಲಿ ಬೇಕಾದಷ್ಟಿದೆ: ಮರಾಠರು, ನಿಜಾಮ, ಹೈದರ್, ಟಿಪ್ಪು ಎಲ್ಲರ ನಡುವೆ ಸಿಕ್ಕ ಸಣ್ಣ ಸಂಸ್ಥಾನ, 1786ರಲ್ಲಿ ಟಿಪ್ಪುವಿನ ಕೈಸೇರಿದ ಊರು, ಕೊನೆಗೆ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಲೀನ. ದೊಡ್ಡ ಹುಣಸೆ ಮರಗಳನ್ನು ಮಾತ್ರ ಬಿಡಲಾರೆ. ಆಫ್ರಿಕದ ಬಾವೊಬಾಬ್ ಜಾತಿಯ ಮೂರು ಮರ, ಮಠದ ಅಂಗಳದಲ್ಲಿ. ಬುಡದ ಎದುರು ನಿಂತರೆ ಇದು ಮರವೋ ಕೋಟೆಯ ಬುರುಜೋ ಎಂಬ ಭ್ರಮೆ. ಮೂರರಲ್ಲಿ ಒಂದು ಕೆಲ ವರ್ಷದ ಹಿಂದೆ ಮಳೆಗಾಲದಲ್ಲಿ ಬುಡಮೇಲಾಗಿ ಬಿತ್ತು. ಬಿದ್ದ ಮರವನ್ನು ಕಡಿದು ಸೌದೆ ಮಾಡುವುದು ಲೋಕರೂಢಿ. ಸವಣೂರಿನಲ್ಲಿ ಯಂತ್ರ ತಂದು ಎತ್ತಿ ಮತ್ತೆ ನೆಟ್ಟರು. ಈ ಸುದ್ದಿಗಾಗಿಯಾದರೂ ಸವಣೂರಿಗೆ ಒಂದು ನಮಸ್ಕಾರ ಸಲ್ಲಬೇಕು.

ರೇಡಿಯಂ ಅಂಗಡಿಯವರು ಮೊದಲು ಪೇಂಟರ್ ಆಗಿದ್ದರು. ಖಾರದ ಪೊಟ್ಟಣ ಬಿಚ್ಚಿ ನಮ್ಮ ಮುಂದಿಟ್ಟು, ‘ತಗೋರಿ ಸರ, ಸವಣೂರಿಗೆ ಬಂದು ಖಾರ ತಿನ್ಲಿಲ್ಲಂದ್ರ ಹೆಂಗ’ ಎಂದು ಮಾತಿಗೆ ಶುರುಮಾಡಿದರು. ಮುಂಚೆ ನಂಬರ್ ಪ್ಲೇಟು ಬರೆಯುವುದೇ ಅವರ ದುಡಿಮೆ. ದಂಡಿನಿಂದ ಬಂದವರು ಗಾಡಿ ತಂದರೆ ಮೂಲೆಯಲ್ಲೊಂದು ಸಣ್ಣ ತ್ರಿವರ್ಣ, ಅಂಕಿಗಳ ಮೇಲೆ ‘ಜೈ ಜವಾನ್’ ಅಥವಾ ‘ಎಕ್ಸ್ ಆರ್ಮಿ’. ಅದಕ್ಕೆ ಅವರು ಬೇರೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲವಂತೆ. ಪ್ಲೇಟಿನ ಮೇಲೆ ನೋಂದಣಿ ಸಂಖ್ಯೆ ಬಿಟ್ಟು ಬೇರೇನೂ ಇರಬಾರದೆಂಬ ನಿಯಮ ಆಗಲೂ ಇತ್ತು. ‘ಪೊಲೀಸ್ರು ಹಿಡೀತಿದ್ರು, ಓದ್ತಿದ್ರು, ನಕ್ಕೋತ ಬಿಡ್ತಿದ್ರು.’

ಆಮೇಲೆ ಎಚ್‌ಎಸ್‌ಆರ್‌ಪಿ ಬಂತು. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಈ ಅತಿ ಸುರಕ್ಷಿತ ನಂಬರ್ ಪ್ಲೇಟು ಕಂಪನಿಯಿಂದಲೇ ಬರತೊಡಗಿತು. ಹಳೆಯ ಗಾಡಿಗಳಿಗೂ ಹಾಕಿಸಲೇಬೇಕೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶಿಸಿತು. ಅಲ್ಯೂಮಿನಿಯಂ ತಗಡು, ನೀಲಿ ಅಶೋಕ ಚಕ್ರದ ಹೊಲೊಗ್ರಾಂ, ಲೇಸರಿನಲ್ಲಿ ಕೊರೆದ ಗುಪ್ತ ಸಂಖ್ಯೆ, ಒಮ್ಮೆ ಕೂರಿಸಿದರೆ ಮುರಿಯದೆ ಬಿಚ್ಚಲಾಗದ ಕೊಂಡಿ. ಅದರ ಮೇಲೆ ಕುಂಚ ಆಡಿಸಲು ಜಾಗವಿಲ್ಲ, ಪರವಾನಗಿಯೂ ಇಲ್ಲ. ಕಳ್ಳತನ ತಡೆಯಲು ಒಳ್ಳೆಯ ವ್ಯವಸ್ಥೆ, ಅದರಲ್ಲಿ ತಕರಾರಿಲ್ಲ. ಹಳೆಯ ಪ್ಲೇಟು ಕಳಚಿ ಕೊಡಲು ಬಂದ ಒಬ್ಬ ಹವಾಲ್ದಾರರು ಅದನ್ನು ಗುಜರಿಗೆ ಹಾಕಲು ಒಪ್ಪದೆ ಮನೆಗೆ ಒಯ್ದರೆಂದು ಅಂಗಡಿಯವರು ಹೇಳಿದರು. ಈಗ ಅವರು ಯಂತ್ರದಲ್ಲಿ ಸ್ಟಿಕರ್ ಕತ್ತರಿಸುತ್ತಾರೆ. ಮಾಜಿ ಸೈನಿಕರ ಗುರುತು ಪ್ಲೇಟಿನಿಂದ ಎದ್ದು ಗಾಜಿಗೆ, ಪೆಟ್ರೋಲ್ ಟ್ಯಾಂಕಿಗೆ, ಮಡ್‌ಗಾರ್ಡಿಗೆ ವಲಸೆ ಹೋಗಿದೆ. ಗೋಡೆಯ ಮೇಲೆ ಮಾದರಿಗಳು ತೂಗುತ್ತಿದ್ದವು: ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ, ಮದ್ರಾಸ್ ರೆಜಿಮೆಂಟ್, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್. ಅವುಗಳ ಪಕ್ಕದಲ್ಲೇ ಸಂಗೊಳ್ಳಿ ರಾಯಣ್ಣ, ಅಪ್ಪು.

ಸೇವೆಯಲ್ಲಿರುವ ಸೈನಿಕನಿಗೆ ಒಂದು ಹೊಸ ಅನುಕೂಲ ಬಂದಿದೆ, ಹೇಳಬೇಕು. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನೋಂದಣಿ ಮಾಡಿಸಬೇಕು. ಜಮ್ಮುವಿನಿಂದ ಅಸ್ಸಾಂ, ಅಸ್ಸಾಮಿನಿಂದ ಜೋಧಪುರ ಎಂದು ಬದಲಿಯಾಗುತ್ತಲೇ ಇರುವವರಿಗೆ ಅದು ಪೀಕಲಾಟ. 2021ರ ಸೆಪ್ಟೆಂಬರ್ 15ರಿಂದ ಬಿಎಚ್ ಸರಣಿ, ಅಂದರೆ ಭಾರತ ಸರಣಿ ಜಾರಿಗೆ ಬಂತು. ಮೊದಲು ವರ್ಷದ ಎರಡು ಅಂಕಿ, ಬಿಎಚ್, ನಾಲ್ಕು ಅಂಕಿ, ಅಕ್ಷರ. ರಸ್ತೆ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಬಹುದು. ಆದರೆ ಅದು ಕೇಂದ್ರ, ರಾಜ್ಯ ಸರ್ಕಾರದ ನೌಕರರಿಗೂ, ನಾಲ್ಕು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಯವರಿಗೂ ಸಿಗುತ್ತದೆ. ಅದು ವರ್ಗಾವಣೆಯ ಗುರುತು, ಶೌರ್ಯದ್ದಲ್ಲ.

ಹಾನಗಲ್ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ತಾರಕೇಶ್ವರ ಗುಡಿಯ ಒಳಗೆ ಹೋದವರು ಮೊದಲು ಕತ್ತು ಮೇಲೆತ್ತುತ್ತಾರೆ. ಎಂಟು ಮೂಲೆಯ ಆ ಮಹಾ ಭುವನೇಶ್ವರಿ, ಸುತ್ತುಸುತ್ತಾಗಿ ಒಳಸರಿಯುತ್ತಾ ನಡುವೆ ಕೆಳಮುಖವಾಗಿ ತೂಗುವ ಕಲ್ಲಿನ ಕಮಲ. ಇದನ್ನು ಕಟ್ಟಿದವರು ಕಲ್ಲಿಗೆ ಭಾರವಿದೆಯೆಂಬುದನ್ನೇ ಮರೆತಿರಬೇಕು! ನಾನೂ ಬಾಯಿ ಬಿಟ್ಟುಕೊಂಡು ನಿಂತೆ. ಆದರೆ ಈ ಸಲ ನನ್ನ ಮನಸ್ಸು ಕೆಳಗಿತ್ತು, ವೀರಗಲ್ಲುಗಳ ಹತ್ತಿರ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂತಸ್ತಿನಲ್ಲಿ ಕಾಳಗ: ತುರುಗಳನ್ನು ಅಟ್ಟಿಕೊಂಡು ಹೋಗುವವರು, ಕುದುರೆ, ಆನೆ, ಬಿಲ್ಲು. ನಡುವೆ ಅಪ್ಸರೆಯರು ವೀರನನ್ನು ಇಬ್ಬದಿ ಹಿಡಿದು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಶಿವಲಿಂಗ, ಸೂರ್ಯ ಚಂದ್ರ. ಹಾನಗಲ್ಲಿನ ಕದಂಬರ ಕಾಲದ ಒಂದು ವೀರಗಲ್ಲಿನಲ್ಲಿ 1196ರ ಮುತ್ತಿಗೆಯ ಕಥೆಯಿದೆ. ಹೊಯ್ಸಳ ವೀರಬಲ್ಲಾಳ ಬಂದು ಆನೆಕೆರೆಯ ಹತ್ತಿರ ಬೀಡುಬಿಟ್ಟ. ಕದಂಬ ಕಾಮದೇವನ ಸೇನಾಪತಿ ಸೋಹಣಿ ಮತ್ತು ಅವನ ಮಗ ಪದ್ಮಯ್ಯ ಎದುರಾದರು. ಬಲ್ಲಾಳ ಆ ಸಲ ಹಿಮ್ಮೆಟ್ಟಿದ, ಸೋಹಣಿ ಮಡಿದ. ಕಲ್ಲು ನಿಂತದ್ದು ಮಡಿದವನ ಕೀರ್ತಿಗೆ. ಪಕ್ಕದಲ್ಲೇ ಕತ್ತಿ ಬೀಸಿದ ಮಗ ಆ ಕಥೆಯಲ್ಲಿ ಬರುತ್ತಾನೆ, ಅಪ್ಸರೆಯರು ಬರುವುದು ಅಪ್ಪನಿಗೆ ಮಾತ್ರ.

ಅದುವರೆಗೆ ಎಷ್ಟೋ ವೀರಗಲ್ಲು ನೋಡಿದ್ದ ನನಗೆ ಹಾನಗಲ್ಲಿನಲ್ಲಿ ಇದು ಥಟ್ಟನೆ ಹೊಳೆಯಿತು. ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಕೆರೆ ಏರಿಯ ಮೇಲೆ, ಅಗಸೆಬಾಗಿಲಲ್ಲಿ ನಿಂತ ಈ ಕಲ್ಲುಗಳ ಕೂಟಕ್ಕೆ ಸೇರಲು ಒಂದೇ ಅರ್ಹತೆ: ಸಾಯಬೇಕು. ಮಡಿದವನ ಮನೆಗೆ ನೆತ್ತರುಗೊಡಗೆಯ ಹೊಲವೂ ಸಿಗುತ್ತಿತ್ತು. ಕೈ ಕಳೆದುಕೊಂಡು ಬಂದವನಿಗೆ, ಸೆರೆಸಿಕ್ಕು ಬಿಡಿಸಿಕೊಂಡು ಬಂದವನಿಗೆ ಕಲ್ಲಿಲ್ಲ. ಇದಕ್ಕೆ ಹೊರತಾದ ಒಂದು ಕಲ್ಲು ನೆನಪಾಗಿ ನಗು ಬಂತು. ಮದ್ದೂರು ತಾಲೂಕಿನ ಆತಕೂರಿನದು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳರ ಎದುರು ಕಾದಿದ ಮಣಲೇರನಿಗೆ ಗಂಗ ಬೂತುಗ ‘ಏನು ಬೇಕು ಕೇಳು’ ಅಂದನಂತೆ. ಮಣಲೇರ ಅರಸನ ಬೇಟೆನಾಯಿ ಕಾಳಿಯನ್ನು ಕೇಳಿದ. ಆ ನಾಯಿ ಕಾಡುಹಂದಿಯ ಜೊತೆ ಕಾದಿ ಸತ್ತಿತು. ಕಲ್ಲು ನಿಂತದ್ದು ಕಾಳಿಗೆ. ಬದುಕಿದ್ದ ವೀರನ ಹೆಸರು ನಮಗೆ ತಲುಪಿದ್ದು ಸತ್ತ ನಾಯಿಯ ಕಲ್ಲಿನ ಮೇಲೆ ಕೆತ್ತಿದ್ದರಿಂದ.

ಗುಡಿಯಿಂದ ಹೊರಬಂದು ಚಹಾದ ಅಂಗಡಿಗೆ ಹೋದೆವು. ಗಿರ್ಮಿಟ್ಟಿಗೆ ಹೇಳಿ ಕುಳಿತಾಗ ಪಕ್ಕದ ಬಾಕಿನ ಮೇಲೆ ಹಿರಿಯರೊಬ್ಬರು. ನೆಟ್ಟನೆಯ ಬೆನ್ನು, ಬಿಳಿ ಮೀಸೆ, ತಲೆಗೆ ಹಸಿರು ಉಲ್ಲನ್ ಟೊಪ್ಪಿಗೆ. ಚಾಲಕ ಕಿವಿಯಲ್ಲಿ, ‘ಮಿಲ್ಟ್ರಿ ಅಜ್ಜ ಇರಬೇಕ್ರಿ’ ಎಂದ. ಹೌದು, ಬೆಳಗಾವಿಯ ಮರಾಠಾ ಪಲ್ಟನ್ನಿನವರು, 1971ನ್ನು ಕಂಡವರು. ಹೊರಗೆ ನಿಂತ ಬೈಕಿನ ಮಡ್‌ಗಾರ್ಡಿನ ಮೇಲೆ ಸ್ಟಿಕರ್ ಇತ್ತು.

‘ಅಜ್ಜಾರ, ಗಾಡಿ ನಿಮ್ಮದೇನ್ರಿ? ನಂಬರ್ ಎಷ್ಟರಿ ಅದರದು?’ ಎಂದು ಕೇಳಿದೆ.

‘ಮಗನ ಗಾಡಿ ಅದು. ನಂಬರ್ ಯಾಂವ ನೆನಪಿಡತಾನ ತಮ್ಮಾ?’

‘ನಿಮ್ಮ ಆರ್ಮಿ ನಂಬರ್?’

ಬಸಿಯನ್ನು ಕೆಳಗಿಟ್ಟರು. ಕುಳಿತಲ್ಲೇ ಭುಜ ಸೆಟೆಯಿತು. ಅಂಕಿಗಳನ್ನು ಒಂದೊಂದಾಗಿ, ಇಂಗ್ಲಿಷಿನಲ್ಲಿ, ಯಾರೋ ಎದುರು ನಿಂತು ಹಾಜರಿ ಕೂಗಿದಂತೆ ಹೇಳಿ, ಕೊನೆಗೆ ಹುದ್ದೆ, ಹೆಸರು ಸೇರಿಸಿದರು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೈ ಜುಮ್ಮೆಂದಿತು. ಗಾಡಿಯ ನಂಬರು ಮರೆತವರಿಗೆ ಐವತ್ತು ವರ್ಷ ಹಿಂದಿನ ತಮ್ಮ ನಂಬರು ಉಸಿರಿನಷ್ಟೇ ಸಲೀಸು!

ಆಗಲೇ ನಾನು ಸೆರೆಯ ವಿಷಯ ಎತ್ತಿದ್ದು. ಅವರ ಪಲ್ಟನ್ನಿನಲ್ಲಿ ಯಾರಾದರೂ ಶತ್ರುವಿನ ಕೈಗೆ ಸಿಕ್ಕಿದ್ದರೇ ಎಂದು. ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಸತ್ತಾಂವನ ಹೆಸರಲೆ ಊರಾಗ ಸರ್ಕಲ್ ಮಾಡ್ತಾರ, ಶಾಲಿಗೆ ಫೋಟೊ ಹಾಕ್ತಾರ. ಸೆರಿ ಸಿಕ್ಕು ಬಂದಾಂವ ಏನಂತ ಹೇಳ್ಕೊಬೇಕು? ಮಂದಿ ಕೇಳೂದು ಒಂದ ಪ್ರಶ್ನಿ, ನೀ ಯಾಕ ಸಿಕ್ಕಿ ಅಂತ.’

1949ರ ಜಿನೀವಾ ಒಪ್ಪಂದದ ಪ್ರಕಾರ ಸೆರೆಸಿಕ್ಕ ಸೈನಿಕ ಹೇಳಬೇಕಾದದ್ದು ನಾಲ್ಕೇ ಸಂಗತಿ: ಹೆಸರು, ಹುದ್ದೆ, ಹುಟ್ಟಿದ ದಿನ, ಸೇನೆಯ ಸಂಖ್ಯೆ. ಉಳಿದದ್ದಕ್ಕೆ ಬಾಯಿ ಬಿಡಬೇಕಿಲ್ಲ. ಬಂದೂಕು, ಬೂಟು, ಪಟ್ಟಿ ಎಲ್ಲ ಕಿತ್ತುಕೊಂಡ ಮೇಲೆ ಅವನ ಬಳಿ ಉಳಿಯುವ ಆಸ್ತಿ ಆ ಸಂಖ್ಯೆ. ಅಜ್ಜ ಬಸಿ ಕೆಳಗಿಟ್ಟು ಹೇಳಿದ್ದು ಅದನ್ನೇ.

ಬೆಳಗಾವಿಯ ಈ ರೆಜಿಮೆಂಟಿನ ಹಿರಿಯರಿಗೆ ಸೆರೆ ಹೊಸತಲ್ಲ. ಮೊದಲ ಮಹಾಯುದ್ಧದಲ್ಲಿ ಈಗಿನ ಇರಾಕಿನ ಕೂತ್ ಎಂಬಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕ ದಂಡಿನಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟನ್ನುಗಳಿದ್ದವು. ಕುದುರೆ, ಹೇಸರಗತ್ತೆಗಳನ್ನು ಕೊಂದು ತಿಂದು, ಅದೂ ಮುಗಿದು, 1916ರ ಏಪ್ರಿಲ್ 29ರಂದು ಸುಮಾರು 13,000 ಮಂದಿ ಶರಣಾದರು. ಆಮೇಲೆ ಮರುಭೂಮಿಯಲ್ಲಿ ನಡಿಗೆ. ದಾರಿಯಲ್ಲೇ ಎಷ್ಟೋ ಜನ ಉದುರಿದರು. ಆ ಪಲ್ಟನ್ನುಗಳೂ ಸೇರಿ 1922ರಲ್ಲಿ ಬೆಳಗಾವಿಯ ಈ ರೆಜಿಮೆಂಟು ಆಯಿತು.

ಅಜ್ಜನ ಮಾತಿಗೆ ಉತ್ತರವಾಗಿ ನಾನು ಕೊಡಗಿನ ಕಥೆ ಹೇಳಿದೆ; ಅವರಿಗದು ನನಗಿಂತ ಚೆನ್ನಾಗಿ ಗೊತ್ತಿತ್ತು. 1965ರ ಸೆಪ್ಟೆಂಬರ್ 22, ಕದನವಿರಾಮದ ಹೊಸ್ತಿಲು. ಹಂಟರ್ ವಿಮಾನ ಹಾರಿಸುತ್ತಿದ್ದ ಕೆ.ಸಿ. ಕಾರ್ಯಪ್ಪ, ಎಲ್ಲರೂ ನಂದಾ ಎನ್ನುತ್ತಿದ್ದವರು, ಗುಂಡೇಟಿಗೆ ಸಿಕ್ಕು ಹಾರಿಕೊಂಡು ಪಾಕಿಸ್ತಾನದ ಕೈಗೆ ಬಿದ್ದರು. ಬೆನ್ನುಮೂಳೆಗೆ ಪೆಟ್ಟು. ತಂದೆ ಜನರಲ್ ಕೆ.ಎಂ. ಕಾರ್ಯಪ್ಪ ನಿವೃತ್ತರಾಗಿ ಮಡಿಕೇರಿಯಲ್ಲಿದ್ದರು. ಅವಿಭಜಿತ ಸೇನೆಯಲ್ಲಿ ಅವರನ್ನು ಬಲ್ಲ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷ. ಮಗನನ್ನು ಬಿಡುವುದಾಗಿ ಹೇಳಿ ಕಳಿಸಿದರು. ತಂದೆ ಒಪ್ಪಲಿಲ್ಲ, ಅಲ್ಲಿರುವ ಕೈದಿಗಳೆಲ್ಲ ತನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ ಎಂದರು. ನಂದಾ ಉಳಿದವರ ಜೊತೆಗೇ 1966ರ ಜನವರಿಯಲ್ಲಿ ಮರಳಿದರು, ಮತ್ತೆ ವಾಯುಪಡೆಯಲ್ಲಿ ದುಡಿದು ಏರ್ ಮಾರ್ಷಲ್ ಆದರು. ‘ಅಪ್ಪಗ ಎಲ್ಲಾರೂ ಸಲಾಮ್ ಹೊಡೀತಾರ. ನಾ ಮಗಗೂ ಹೊಡೀತೀನಿ’ ಎಂದು ಅಜ್ಜ ಎದ್ದರು. ಚಹಾದ ದುಡ್ಡು ಕೊಡಲು ನಮ್ಮನ್ನು ಬಿಡಲಿಲ್ಲ.

ರಾತ್ರಿ ಹಾನಗಲ್ಲಿನಲ್ಲೇ ಉಳಿದೆವು. ನಿದ್ದೆ ಬರಲಿಲ್ಲ, ಅದಕ್ಕೆ ಕಾರಣ ಗಿರ್ಮಿಟ್ಟಲ್ಲ. ಪಾನುಂಗಲ್ಲು ಎಂಬ ಹಳೆಯ ಹೆಸರಿನ ಜೊತೆಗೆ ಶಾಸನಗಳು ಈ ಊರನ್ನು ವಿರಾಟನ ಕೋಟೆ, ವಿರಾಟನ ನಗರ ಎಂದೂ ಕರೆದಿವೆ. ರಾಜಸ್ಥಾನದ ಬೈರಾಟಿನವರು ವಿರಾಟನಗರ ತಮ್ಮದೆನ್ನುತ್ತಾರೆ, ವಿದ್ವಾಂಸರೂ ಆ ಕಡೆಗೇ ವಾಲುತ್ತಾರೆ. ಹಾನಗಲ್ಲಿನ ಸೂರಿನಡಿ ಮಲಗಿದವನು ಆ ಮಾತು ಎತ್ತಬಾರದು. ವಿರಾಟಪರ್ವವನ್ನು ಮನಸ್ಸಿನಲ್ಲೇ ತಿರುವಿಹಾಕುತ್ತಾ ಹೋದೆ. ಪಾಂಡವರು ಆಯುಧಗಳನ್ನು ಬನ್ನಿಮರಕ್ಕೆ ಕಟ್ಟಿ, ಎಲ್ಲ ಗುರುತು ಅಳಿಸಿಕೊಂಡು ಒಂದು ವರ್ಷ ಬದುಕಿದ ಕಥೆ. ಆಮೇಲೆ ತುರುಗೋಳ್. ತ್ರಿಗರ್ತದ ಸುಶರ್ಮ ದನ ಹೊಡೆದುಕೊಂಡು ಹೋಗುವಾಗ ಅಡ್ಡಹೋದ ವಿರಾಟ... ಎದ್ದು ಕುಳಿತೆ. ವಿರಾಟ ಸೆರೆಸಿಕ್ಕಿದ್ದನಲ್ಲ! ಸುಶರ್ಮ ಅವನನ್ನು ಹಿಡಿದು ತನ್ನ ರಥಕ್ಕೆ ಹಾಕಿಕೊಂಡು ಹೊರಟಿದ್ದ. ಬಾಣಸಿಗನ ವೇಷದ ಭೀಮ ಹೋಗಿ ಬಿಡಿಸಿ ತಂದ. ಈ ಊರು ತನ್ನ ರಾಜನೆಂದು ಹೇಳಿಕೊಳ್ಳುವವನು ಒಬ್ಬ ಮಾಜಿ ಯುದ್ಧಕೈದಿ. ಬಿಡಿಸಿಕೊಂಡು ಬಂದ ಮೇಲೆ ಯಾರೂ ಅವನನ್ನು ‘ನೀ ಯಾಕೆ ಸಿಕ್ಕಿ’ ಎನ್ನಲಿಲ್ಲ, ಸಿಂಹಾಸನ ಹಾಗೆಯೇ ಇತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಮರುದಿನದ ಉತ್ತರ ಗೋಗ್ರಹಣದಲ್ಲಿ ಹೆದರಿ ನಡುಗುವ ಉತ್ತರಕುಮಾರನನ್ನು ಸಾರಥಿಯಾಗಿ ಕೂರಿಸಿಕೊಂಡ ಅರ್ಜುನ ಎದುರಿನ ಕೌರವ ಸೇನೆಯಲ್ಲಿ ಯಾರ ರಥ ಯಾವುದೆಂದು ಹೇಳಿಕೊಡುತ್ತಾನೆ. ಮುಖ ತೋರಿಸಿ ಅಲ್ಲ, ರಥದ ಧ್ವಜ ತೋರಿಸಿ. ಚಿನ್ನದ ಕಮಂಡಲುವಿನ ಗುರುತು ದ್ರೋಣರದು. ಬಿಲ್ಲಿನ ಗುರುತು ಅಶ್ವತ್ಥಾಮನದು. ಆನೆ ಬಿಗಿಯುವ ಹಗ್ಗದ ಗುರುತು ಕರ್ಣನದು. ವಾಹನ ನೋಡಿ ಒಡೆಯನನ್ನು ತಿಳಿಯುವ ವಿದ್ಯೆಯ ಪಾಠ ಇದು, ಅದೂ ವಿರಾಟನಗರದ ಹೊರವಲಯದಲ್ಲಿ! ಕೊನೆಗೆ ಅರ್ಜುನ ಅತ್ಯಂತ ಗೌರವದಿಂದ ತೋರಿಸುವ ರಥ ಭೀಷ್ಮರದು. ವ್ಯಾಸಭಾರತದಲ್ಲಿ ಆ ಧ್ವಜದ ಲಕ್ಷಣ ಏನು ಗೊತ್ತೇ? ನೀಲಿ ಬಣ್ಣ, ಐದು ನಕ್ಷತ್ರ.

ನಮ್ಮ ಸೇನೆಯಲ್ಲಿ ಅಧಿಕಾರಿಯ ಕಾರಿಗೆ ನಂಬರ್ ಪ್ಲೇಟಿನ ಜೊತೆಗೆ ತಾರೆಗಳ ಫಲಕವೊಂದು ಇರುತ್ತದೆ. ಬ್ರಿಗೇಡಿಯರ್‌ಗೆ ಒಂದು ತಾರೆ, ಮೇಜರ್ ಜನರಲ್‌ಗೆ ಎರಡು, ಲೆಫ್ಟಿನೆಂಟ್ ಜನರಲ್‌ಗೆ ಮೂರು, ಜನರಲ್‌ಗೆ ನಾಲ್ಕು. ಐದು ತಾರೆ ಫೀಲ್ಡ್ ಮಾರ್ಷಲ್‌ಗೆ. ಸ್ವತಂತ್ರ ಭಾರತದ ಸೇನೆಯಲ್ಲಿ ಆ ಪದವಿಗೇರಿದವರು ಇಬ್ಬರೇ, 1973ರಲ್ಲಿ ಮಾಣೆಕ್ ಷಾ, 1986ರಲ್ಲಿ ಕಾರ್ಯಪ್ಪ. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿಯೆಂಬುದಿಲ್ಲ, ಉಸಿರಿರುವತನಕ ಸೇವೆಯಲ್ಲಿರುವವರೆಂದೇ ಲೆಕ್ಕ. ಭೀಷ್ಮರಿಗೂ ನಿವೃತ್ತಿಯಿರಲಿಲ್ಲವಷ್ಟೆ. ಎರಡಕ್ಕೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ತಾರೆಗಳ ಲೆಕ್ಕ ಪಶ್ಚಿಮದ ಸೇನೆಗಳಿಂದ ಬಂದದ್ದು. ಆದರೂ ಹಾನಗಲ್ಲಿನ ಆ ಮಧ್ಯರಾತ್ರಿಯಲ್ಲಿ ಭೀಷ್ಮರ ರಥದ ಮೇಲಿನ ಐದೂ, ಕೊಡಗಿನವರಿಗೆ ಸಂದ ಐದೂ ಒಂದೇ ಆಕಾಶದಲ್ಲಿ ಕಂಡಂತಾಗಿ ನಾನು ಚಾಲಕನನ್ನು ಎಬ್ಬಿಸಿ ಹೇಳಿಬಿಟ್ಟೆ. ‘ಹೌದೇನ್ರಿ?’ ಎಂದು ಮಗ್ಗುಲು ಬದಲಿಸಿದ.

ಬೆಳಿಗ್ಗೆ ತಿಳವಳ್ಳಿ, ಚಿಕ್ಕೇರೂರು ದಾಟಿ ಹಿರೇಕೆರೂರಿನ ಕಡೆಗೆ ಹೊರಟೆವು. ಅಲ್ಲಿ ನೋಡಬೇಕಾದದ್ದು ಬಹಳ: ಅಬಲೂರಿನಲ್ಲಿ ಏಕಾಂತದ ರಾಮಯ್ಯನ ಕಥೆ ಕೆತ್ತಿದ ಸೋಮೇಶ್ವರ ಗುಡಿ, ಸರ್ವಜ್ಞನ ಹೆಸರು ಹೊತ್ತ ಮಾಸೂರು, ಗುಡ್ಡಗಳ ನಡುವೆ ಸಮುದ್ರದಂಥ ಮದಗದ ಕೆರೆ. ನೋಡಿದೆವು. ಆದರೆ ದಾರಿಯಲ್ಲಿ ಒಂದು ಹಳ್ಳಿಯ ಅಗಸೆಯಲ್ಲಿ ರಸ್ತೆ ಬಂದಾಗಿ ನಿಂತದ್ದೇ ನನ್ನ ಭಾಗ್ಯ. ಡೊಳ್ಳಿನ ಸದ್ದು. ಊರ ಹುಡುಗನೊಬ್ಬ ಸೇನೆಯಲ್ಲಿ ಅವಧಿ ಮುಗಿಸಿ ಆ ದಿನ ಮನೆಗೆ ಬರುತ್ತಿದ್ದ. ಹೀಗೆ ನಿವೃತ್ತ ಯೋಧರನ್ನು ತೆರೆದ ವಾಹನದಲ್ಲಿ ಮೆರವಣಿಗೆ ಮಾಡಿ ಕರೆತರುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಈಚಿನ ವರ್ಷಗಳಲ್ಲಿ ಬೆಳೆದಿದೆ, ಪತ್ರಿಕೆಗಳಲ್ಲಿ ಓದಿದ್ದೆ. ಕಣ್ಣಾರೆ ಕಂಡಿರಲಿಲ್ಲ. ಯಾವ ಸರ್ಕಾರವೂ ಇದನ್ನು ಹೊರಡಿಸಿಲ್ಲ, ಇದಕ್ಕೆ ಆದೇಶ ಸಂಖ್ಯೆಯಿಲ್ಲ. ಸಾಯದೆ ಬಂದವನಿಗಾಗಿಯೇ ಹುಟ್ಟಿಕೊಂಡ ಆಚರಣೆ!

ಸಮವಸ್ತ್ರದಲ್ಲಿ, ಟ್ರ್ಯಾಕ್ಟರಿನ ಟ್ರೇಲರಿನ ಮೇಲೆ ಆತ ನಿಂತಿದ್ದ. ಕೊರಳಿಗೆ ಹಾವೇರಿಯ ಏಲಕ್ಕಿ ಮಾಲೆ. ಮುಖ್ಯಮಂತ್ರಿ, ಪ್ರಧಾನಮಂತ್ರಿ ಬಂದರೆ ಹಾಕುವಂಥದ್ದು. ಪಕ್ಕದಲ್ಲಿ ತಾಯಿ, ಏನು ಮಾಡಬೇಕೋ ತಿಳಿಯದೆ ಎಲ್ಲರಿಗೂ ಕೈ ಮುಗಿಯುತ್ತಿದ್ದಳು. ಶಾಲೆಯ ಮಕ್ಕಳು ಬಾವುಟ ಹಿಡಿದು ಮುಂದೆ. ಎರಡೂ ಬದಿಯ ಮಾಳಿಗೆಗಳಿಂದ ಚೆಂಡುಹೂವು ಸುರಿಯುತ್ತಿತ್ತು. ನಮ್ಮ ಚಾಲಕ ಆಗಲೇ ಇಳಿದು ಡೊಳ್ಳಿನವರ ನಡುವೆ ಸೇರಿಕೊಂಡಿದ್ದ. ಯಾರೋ ಉತ್ಸಾಹದಲ್ಲಿ ಟ್ರ್ಯಾಕ್ಟರಿನ ಮುಂಭಾಗಕ್ಕೆ ದೊಡ್ಡದೊಂದು ಹೂವಿನ ಹಾರ ಬಿಗಿದರು, ನಂಬರ್ ಪ್ಲೇಟು ಪೂರ್ತಿ ಮುಚ್ಚಿಹೋಯಿತು. ಟ್ರ್ಯಾಕ್ಟರಿನವ ಸ್ಟೇರಿಂಗ್ ಹಿಂದಿನಿಂದಲೇ ಚೀರಿದ: ‘ಏ, ನಂಬರ್ ಮುಚ್ಚಬ್ಯಾಡ್ರೋ, ಮುಂದ ಹಿರೇಕೆರೂರಾಗ ಪೊಲೀಸ್ರು ನಿಂತಾರ!’

ಟ್ರೇಲರಿನ ಮೇಲಿಂದ ಯೋಧ ಬಾಗಿ ಅವನ ಭುಜ ತಟ್ಟಿದ. ‘ಮುಚ್ಚಿರಲಿ ಬಿಡೋ ಕಾಕಾ. ಇವತ್ತಿಂದು ದಂಡ ನಾ ಕೊಡ್ತೀನಿ.’